ಕಮಲ ಬಸದಿಯ ಕಲ್ಲು, ಎಂಟೆಂಟರ ಚೌಕ

ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಗೆ ಬಂದವರು ಮುಖಮಂಟಪದ ನಡುವೆ ನಿಂತು ಒಮ್ಮೆ ತಲೆ ಎತ್ತದೆ ಹೋಗುವುದಿಲ್ಲ. ಛಾವಣಿಯಿಂದ ಕಲ್ಲಿನ ಕಮಲವೊಂದು ಕೆಳಮುಖವಾಗಿ ಅರಳಿಕೊಂಡಿದೆ. ಎಸಳಿನ ಮೇಲೆ ಎಸಳು, ಎಸಳಿನೊಳಗೆ ಕುಸುರಿ. ರಟ್ಟರ ದೊರೆ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರ ಹೊತ್ತಿಗೆ ಕಟ್ಟಿಸಿದ ಬಸದಿ ಇದು. ಈಗ ತಲೆಯ ಜೊತೆಗೆ ಮೊಬೈಲೂ ಮೇಲೇಳುತ್ತದೆ. ಅಲ್ಲೇ ನಿಂತು ನೋಡಿದರೆ ಫೋಟೊ ಚೆನ್ನಾಗಿಯೇ ಇದೆ. ವಾಪಸು ಹೋಗುವಾಗ ಬಸ್ಸಿನಲ್ಲಿ ಕೂತು ಎರಡು ಬೆರಳಿನಿಂದ ಹಿಗ್ಗಿಸಿದಾಗ ಸಂಗತಿ ಬಯಲಾಗುತ್ತದೆ. ಎಸಳಿನ ಗೆರೆಗಳು ಒಂದಕ್ಕೊಂದು ಕಲಸಿಕೊಂಡಿವೆ. ಕಲ್ಲಿನ ಒರಟು ಮಾಯವಾಗಿ ಎಲ್ಲವೂ ಅನುಮಾನ ಬರುವಷ್ಟು ನುಣ್ಣಗಾಗಿದೆ. ಅದನ್ನೇ ವಾಟ್ಸಾಪಿನಲ್ಲಿ ಪಡೆದ ಅಕ್ಕನ ಫೋನಿನಲ್ಲಿ ನೆರಳಿನ ಭಾಗವೆಲ್ಲ ಚೌಕ ಚೌಕ.

“ಎಷ್ಟು ಎಂಪಿ ಕ್ಯಾಮೆರಾ?” ಎಂದು ಆಗ ಯಾರಾದರೂ ಕೇಳಿಯೇ ಕೇಳುತ್ತಾರೆ. ನನ್ನ ಮಟ್ಟಿಗೆ ಅದು ಎಲ್ಲಕ್ಕಿಂತ ಕಡಿಮೆ ಉಪಯೋಗದ ಪ್ರಶ್ನೆ. ಡಬ್ಬಿಯ ಮೇಲೆ 50 ಮೆಗಾಪಿಕ್ಸೆಲ್ ಎಂದು ಬರೆದಿರುವ ಬಹಳಷ್ಟು ಫೋನುಗಳು ನಾಲ್ಕು ಪಿಕ್ಸೆಲುಗಳನ್ನು ಕೂಡಿಸಿ ಒಂದು ಮಾಡಿ, ಹನ್ನೆರಡೂವರೆ ಮೆಗಾಪಿಕ್ಸೆಲಿನ ಚಿತ್ರವನ್ನೇ ಕೊಡುತ್ತವೆ. ಕಮಲದ ಎಸಳು ಕಲಸಿಹೋಗಿದ್ದು ಪಿಕ್ಸೆಲ್ ಸಾಲದೆ ಅಲ್ಲ. ಕಲ್ಲಿನಿಂದ ಅಕ್ಕನ ಪರದೆಯವರೆಗಿನ ದಾರಿಯಲ್ಲಿ ಮೂರು ಕಡೆ ಯಾವುದೋ ಲೆಕ್ಕಾಚಾರ “ಇದು ಯಾರಿಗೂ ಕಾಣುವುದಿಲ್ಲ, ಬಿಡು” ಎಂದು ತೀರ್ಮಾನಿಸಿದೆ. ಮೂರೂ ಕಡೆ ಬಲಿಯಾದದ್ದು ಒಂದೇ: ಸಣ್ಣ, ಒತ್ತೊತ್ತಾದ, ಒರಟು ವಿವರ. ಬಸದಿಯ ಕಲ್ಲಿನಲ್ಲಿ ಇರುವುದು ಅದೇ.

ಮೊದಲು ಬೆಳಕು. ಫೋನಿನಲ್ಲಿ ಬೆಳಕು ಹಿಡಿಯುವ ಸೆನ್ಸರ್ ಎಷ್ಟು ಚಿಕ್ಕದೆಂದರೆ, ಅರ್ಧ ಇಂಚಿನದು ಎಂದು ಕರೆಸಿಕೊಳ್ಳುವ ಸೆನ್ಸರಿನ ನಿಜವಾದ ಅಳತೆ ಸುಮಾರು 6.4 × 4.8 ಮಿಲಿಮೀಟರ್. ಹಳೆಯ ರೋಲ್ ಕ್ಯಾಮೆರಾದ ಒಂದು ಚೌಕಟ್ಟು 36 × 24 ಮಿಲಿಮೀಟರ್ ಇತ್ತು, ಅಂದರೆ ಹತ್ತಿರಹತ್ತಿರ 28 ಪಟ್ಟು ದೊಡ್ಡದು. ಹೊರಗೆ ಕೋಟೆ ಕೆರೆಯ ದಂಡೆಯ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ, ಈ ಚಿಕ್ಕತನ ಗೊತ್ತೇ ಆಗುವುದಿಲ್ಲ. ಬಸದಿಯ ಒಳಗೆ ಗೊತ್ತಾಗುತ್ತದೆ.

ಖಾನಾಪುರದ ಕಡೆ ಜುಲೈ ತಿಂಗಳ ಜಡಿಮಳೆಗೆ ಅಂಗಳದಲ್ಲಿ ಹತ್ತು ಲೋಟ ಇಟ್ಟರೆ ಹತ್ತೂ ಒಂದೇ ಸಮ ತುಂಬುತ್ತವೆ. ತುಂತುರು ಮಳೆಗೆ ಇಡಿ. ಒಂದರಲ್ಲಿ ಎಂಟು ಹನಿ, ಪಕ್ಕದ್ದರಲ್ಲಿ ಹದಿಮೂರು, ಅದರಾಚೆ ಹತ್ತು. ಮಳೆ ಎಲ್ಲ ಲೋಟಕ್ಕೂ ಒಂದೇ, ಲೆಕ್ಕ ಮಾತ್ರ ಏರುಪೇರು. ಬೆಳಕೂ ಹನಿಹನಿಯಾಗಿಯೇ ಬರುತ್ತದೆ. ಆ ಹನಿಯ ಹೆಸರು ಫೋಟಾನ್. ಅದರ ಏರುಪೇರಿಗೆ ಒಂದು ನಿಯಮವಿದೆ. ಎಷ್ಟು ಫೋಟಾನ್ ಬಿದ್ದವೋ ಅದರ ವರ್ಗಮೂಲದಷ್ಟು ಹೆಚ್ಚುಕಡಿಮೆ. ಬಿಸಿಲಿನಲ್ಲಿ ಒಂದು ಪಿಕ್ಸೆಲಿಗೆ 10,000 ಫೋಟಾನ್ ಬಿದ್ದವು ಎಂದುಕೊಳ್ಳಿ. ಏರುಪೇರು 100, ಅಂದರೆ ಶೇಕಡಾ ಒಂದು, ಕಣ್ಣಿಗೆ ಕಾಣದು. ಮಂಟಪದ ಮಬ್ಬಿನಲ್ಲಿ ಅದೇ ಪಿಕ್ಸೆಲಿಗೆ 100 ಬಿದ್ದರೆ ಏರುಪೇರು 10, ಅಂದರೆ ಶೇಕಡಾ ಹತ್ತು. ಒಂದೇ ಬಣ್ಣದ ಕಲ್ಲಿನ ಮೇಲೆ ಮರಳು ಎರಚಿದ ಹಾಗೆ ಚುಕ್ಕೆಗಳು ಏಳುತ್ತವೆ. ಎಂಜಿನಿಯರುಗಳು ಇದಕ್ಕೆ ನಾಯ್ಸ್ ಎನ್ನುತ್ತಾರೆ. ಸದ್ದಿಲ್ಲದ ಗದ್ದಲ.

ಗದ್ದಲವನ್ನು ಹಾಗೇ ತೋರಿಸಿದರೆ ಗಿರಾಕಿ ಫೋನನ್ನು ಅಂಗಡಿಗೆ ವಾಪಸು ತರುತ್ತಾನೆ. ಹಾಗಾಗಿ ಫೋನು ಎರಡು ಕೆಲಸ ಮಾಡುತ್ತದೆ. ಒಂದು ಒಳ್ಳೆಯದು: ನೀವು ಒಮ್ಮೆ ಒತ್ತಿದರೂ ಅದು ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಕೂರಿಸಿ ಸರಾಸರಿ ಮಾಡುತ್ತದೆ. ಒಂಬತ್ತು ಚಿತ್ರಗಳ ಸರಾಸರಿಯಲ್ಲಿ ಗದ್ದಲ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೈ ನಡುಗಿದರೆ ಮಾತ್ರ ಕೂರಿಸುವುದು ತಪ್ಪುತ್ತದೆ. ಎರಡನೆಯ ಕೆಲಸವೇ ತಕರಾರಿನದು. ಅಕ್ಕಪಕ್ಕದ ಪಿಕ್ಸೆಲುಗಳನ್ನು ನೋಡಿ, ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಅವನ್ನೆಲ್ಲ ತಿಕ್ಕಿ ಒಂದಾಗಿಸುತ್ತದೆ. ಮಗುವಿನ ಕೆನ್ನೆ, ಸುಣ್ಣ ಬಳಿದ ಗೋಡೆ, ಆಕಾಶ, ಇವಕ್ಕೆಲ್ಲ ಇದು ಹೊಂದುತ್ತದೆ. ಕಲ್ಲಿಗೆ ಹೊಂದುವುದಿಲ್ಲ. ಉಳಿ ಬಿಟ್ಟುಹೋದ ಸಣ್ಣ ಏರುತಗ್ಗು, ಕಲ್ಲಿನ ಕಣ, ಎಂಟುನೂರು ವರ್ಷದ ಸವಕಳಿ ಎಲ್ಲವೂ ಮಬ್ಬಿನಲ್ಲಿ ಶೇಕಡಾ ಐದೋ ಹತ್ತೋ ವ್ಯತ್ಯಾಸದ ಚುಕ್ಕೆಗಳಾಗಿಯೇ ಸೆನ್ಸರಿಗೆ ಮುಟ್ಟುತ್ತವೆ. ಯಾವುದು ಬೆಳಕಿನ ಏರುಪೇರು, ಯಾವುದು ಬೀಚಿರಾಜನ ಶಿಲ್ಪಿಯ ಕೈ, ಫೋನಿಗೆ ಹೇಗೆ ತಿಳಿಯಬೇಕು? ಅದು ಎರಡನ್ನೂ ಒರೆಸಿಹಾಕುತ್ತದೆ. ಆಮೇಲೆ ಚಿತ್ರ ಮಂಕಾಯಿತಲ್ಲ ಎಂದು ಉಳಿದ ದೊಡ್ಡ ಅಂಚುಗಳಿಗೆ ಚೂಪು ಕೊಡುತ್ತದೆ. ನುಣ್ಣನೆಯ ಮೈ, ಕತ್ತರಿಸಿ ಅಂಟಿಸಿದಂಥ ಅಂಚು: ಅಗ್ಗದ ಫೋನಿನ ಒಳಾಂಗಣ ಚಿತ್ರಗಳಿಗೆಲ್ಲ ಇದೇ ಮುಖ.

ಇಲ್ಲಿ ಒಂದು ಹಳೆಯ ಫೋಟೊ ನೆನಪಾಗುತ್ತದೆ. 1892ರ ಅಕ್ಟೋಬರಿನಲ್ಲಿ ಸ್ವಾಮಿ ವಿವೇಕಾನಂದರು ಬೆಳಗಾವಿಗೆ ಬಂದಾಗ ಅವರ ಚಿತ್ರವೊಂದನ್ನು ಇಲ್ಲಿನ ಮಹಾದೇವ್ ಆ್ಯಂಡ್ ಸನ್ ಸ್ಟುಡಿಯೊದಲ್ಲಿ ತೆಗೆಯಲಾಯಿತು. ಷಿಕಾಗೋಗೆ ಹೋಗುವ ಮುಂಚಿನ, ಇನ್ನೂ ಹೆಸರಾಗದ ಪರಿವ್ರಾಜಕನ ಚಿತ್ರ. ಆ ಕಾಲದ ಸ್ಟುಡಿಯೊಗಳು ಬಳಸುತ್ತಿದ್ದ ಗಾಜಿನ ಹಲಗೆಗಳಲ್ಲಿ ಹಾಫ್ ಪ್ಲೇಟ್ ಎಂಬುದರ ಅಳತೆ 6.5 × 4.75 ಇಂಚು. ಫೋನಿನ ಸೆನ್ಸರಿಗಿಂತ ಆರುನೂರು ಪಟ್ಟಿಗೂ ಹೆಚ್ಚು ವಿಸ್ತಾರ. ರಾಸಾಯನಿಕಗಳು ಮಂದ, ಕೂತವರು ಉಸಿರು ಬಿಗಿಹಿಡಿದು ಅಲ್ಲಾಡದೆ ಇರಬೇಕಿತ್ತು. ಆದರೂ ಅಷ್ಟು ಜಾಗದಲ್ಲಿ ಬಿದ್ದ ಬೆಳಕು ಬಿದ್ದ ಹಾಗೇ ಉಳಿಯಿತು. ಕೂದಲು ಯಾವುದು, ಗದ್ದಲ ಯಾವುದು ಎಂದು ತೀರ್ಪು ಕೊಡುವ ಅಧಿಕಾರ ಗಾಜಿಗೆ ಇರಲಿಲ್ಲ. ಹಾಗೆಂದು ಹಳೆಯದೇ ಚೆನ್ನ ಎನ್ನುವ ಹಳಹಳಿಕೆ ನನಗಿಲ್ಲ. ಗಾಜಿನ ಹಲಗೆ ಹೊತ್ತು ಮಳೆಗಾಲದಲ್ಲಿ ಕಣಕುಂಬಿಗೆ ಹೋಗಿಬನ್ನಿ, ಗೊತ್ತಾಗುತ್ತದೆ.

ಎರಡನೆಯ ತೀರ್ಮಾನ ಚಿತ್ರವನ್ನು ಉಳಿಸಿಡುವಾಗ ಆಗುವಂಥದು. 4000 × 3000 ಪಿಕ್ಸೆಲಿನ ಚಿತ್ರದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಪಿಕ್ಸೆಲ್, ಪ್ರತಿಯೊಂದಕ್ಕೂ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟು: ಒಟ್ಟು 36 ಎಂಬಿ. ನಿಮ್ಮ ಗ್ಯಾಲರಿಯಲ್ಲಿ ಅದು ಮೂರೋ ನಾಲ್ಕೋ ಎಂಬಿ ಇರುತ್ತದೆ. ಉಳಿದದ್ದು ಎಲ್ಲಿ ಹೋಯಿತು ಎನ್ನುವುದಕ್ಕೆ ಉತ್ತರ ಜೆಪೆಗ್, 1992ರಲ್ಲಿ ಜಾಗತಿಕ ಮಾನಕವಾದ ಕುಗ್ಗಿಸುವ ವಿಧಾನ. ಜೆಪೆಗಿನ ಹೊಟ್ಟೆಯಲ್ಲಿರುವ ಗಣಿತ ಮಾತ್ರ ಅದಕ್ಕಿಂತ ಹಳೆಯದು, ಅದರ ಮೂಲ ಹುಡುಕುತ್ತ ಹೋದರೆ ಕರ್ನಾಟಕಕ್ಕೇ ಬರುತ್ತೇವೆ.

ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಈಗ ನಾವು ಯುವಿಸಿಇ ಎಂದು ಕರೆಯುವ ಕೆ.ಆರ್. ಸರ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನಿಂದ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ, 1972ರಲ್ಲಿ, ಚಿತ್ರಗಳ ಮಾಹಿತಿಯನ್ನು ಕೊಸೈನ್ ಅಲೆಗಳಾಗಿ ಬಿಡಿಸಿದರೆ ಚೆನ್ನಾಗಿ ಕುಗ್ಗಿಸಬಹುದು ಎಂಬ ವಿಚಾರ ಅವರಿಗೆ ಹೊಳೆಯಿತು. ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಧನಸಹಾಯ ಕೋರಿ ಬರೆದರು. ಸಿಗಲಿಲ್ಲ. ಪರಿಶೀಲಿಸಿದವರಲ್ಲಿ ಒಬ್ಬರಿಗೆ ಅದು ತೀರಾ ಸರಳ ಎನಿಸಿತ್ತಂತೆ. ಅಹ್ಮದ್ ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್, ಗೆಳೆಯ ಕೆ.ಆರ್. ರಾವ್ ಜೊತೆ ಸೇರಿ ಕೆಲಸ ಮುಗಿಸಿ 1974ರ ಜನವರಿಯಲ್ಲಿ ಪ್ರಕಟಿಸಿದರು. ಪುಟ್ಟ ಪ್ರಬಂಧ. ಡಿಸಿಟಿ ಎಂಬ ಮೂರಕ್ಷರದಲ್ಲಿ ಅದು ಇಂದು ಜಗತ್ತಿನ ಬಹುಪಾಲು ಫೋಟೊ, ವಿಡಿಯೊ ಕರೆಗಳ ಒಳಗೆ ಕೂತಿದೆ. ಬೆಳಗಾವಿಯ ಮಚ್ಛೆಯಲ್ಲಿ ಕೇಂದ್ರ ಕಚೇರಿ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಅದರ ಲೆಕ್ಕ ಬಿಡಿಸಿ ಅಂಕ ಗಳಿಸುತ್ತಾರೆ. ಆ ಮನುಷ್ಯ ಇದೇ ವಿಶ್ವೇಶ್ವರಯ್ಯನವರ ಹೆಸರಿನ ಕಾಲೇಜಿನಲ್ಲಿ ಓದಿದವರು ಎಂದು ಅವರಿಗೆ ಯಾರಾದರೂ ಹೇಳುತ್ತಾರೋ ಇಲ್ಲವೋ.

ಡಿಸಿಟಿ ಮಾಡುವುದಿಷ್ಟೆ. ಚಿತ್ರವನ್ನು ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ಚೌಕಗಳಾಗಿ ಕತ್ತರಿಸಿಕೊಳ್ಳುತ್ತಾರೆ. ನಮ್ಮ ಕಮಲದ ಚಿತ್ರದಲ್ಲಿ ಅಂಥವು 1,87,500. ಒಂದೊಂದು ಚೌಕದಲ್ಲಿ 64 ಪಿಕ್ಸೆಲ್, ಅಂದರೆ ಹೊಳಪಿನ 64 ಅಂಕಿಗಳು. ಇವನ್ನು 64 ಸಿದ್ಧ ನಮೂನೆಗಳ ಮೊತ್ತವಾಗಿ ಬರೆಯುವುದು ಡಿಸಿಟಿಯ ಕೆಲಸ. ಮೊದಲ ನಮೂನೆ ಸಪಾಟು. ಅದರ ಅಂಕಿ ಚೌಕದ ಸರಾಸರಿ ಹೊಳಪನ್ನು ಹೇಳುತ್ತದೆ. ಎರಡನೆಯದು ಎಡದಿಂದ ಬಲಕ್ಕೆ ನಿಧಾನವಾಗಿ ಬೆಳಕಿನಿಂದ ಕತ್ತಲಿಗೆ ಇಳಿಯುವಂಥದು. ಮುಂದೆ ಹೋದಂತೆ ಏರಿಳಿತ ಒತ್ತೊತ್ತಾಗುತ್ತದೆ. ಕೊನೆಯ ನಮೂನೆಯಲ್ಲಿ ಪಿಕ್ಸೆಲಿನಿಂದ ಪಿಕ್ಸೆಲಿಗೆ ಬಿಳುಪು, ಕಪ್ಪು, ಬಿಳುಪು, ಕಪ್ಪು. ಯಾವ ನಮೂನೆ ಎಷ್ಟು ಬೇಕು ಎಂಬ 64 ಅಂಕಿಗಳು ಸಿಕ್ಕರೆ ಚೌಕ ಪೂರ್ತಿ ವಾಪಸು ಬರುತ್ತದೆ. 64 ಕೊಟ್ಟು 64 ತೆಗೆದುಕೊಂಡಂತಾಯಿತು. ಉಳಿತಾಯವೂ ಇಲ್ಲ, ನಷ್ಟವೂ ಇಲ್ಲ. ಅಹ್ಮದರ ಗಣಿತ ಏನನ್ನೂ ಬಿಸಾಡುವುದಿಲ್ಲ ಎನ್ನುವುದನ್ನು ಒತ್ತಿ ಹೇಳಬೇಕು, ಏಕೆಂದರೆ ಅಪವಾದ ಬರುವುದು ಅದಕ್ಕೇ.

ಬಿಸಾಡುವುದು ಅದರ ಮುಂದಿನ ಹೆಜ್ಜೆ. ಪ್ರತಿ ಅಂಕಿಯನ್ನೂ ಒಂದು ಪಟ್ಟಿಯಲ್ಲಿರುವ ಭಾಜಕದಿಂದ ಭಾಗಿಸಿ, ದಶಾಂಶ ಬಿಟ್ಟು ಹತ್ತಿರದ ಪೂರ್ಣಾಂಕ ಇಟ್ಟುಕೊಳ್ಳುತ್ತಾರೆ. ಜೆಪೆಗ್ ಮಾನಕದ ಜೊತೆಗೆ ಕೊಟ್ಟಿರುವ ಮಾದರಿ ಪಟ್ಟಿಯಲ್ಲಿ ಎರಡನೆಯ, ನಿಧಾನ ಏರಿಳಿತದ ನಮೂನೆಗೆ ಭಾಜಕ 11. ಕೊನೆಯ, ಅತಿ ಒತ್ತಾದ ನಮೂನೆಗೆ 99. ಎರಡೂ ಕಡೆ ಅಂಕಿ 37 ಇತ್ತು ಎಂದಿಟ್ಟುಕೊಳ್ಳಿ. 37ನ್ನು 11ರಿಂದ ಭಾಗಿಸಿದರೆ 3.36, ಅಂದರೆ 3. ಚಿತ್ರ ತೆರೆಯುವಾಗ ಮತ್ತೆ 11ರಿಂದ ಗುಣಿಸಿದರೆ 33, ಹೋದದ್ದು ನಾಲ್ಕು. ಅದೇ 37ನ್ನು 99ರಿಂದ ಭಾಗಿಸಿದರೆ 0.37, ಅಂದರೆ ಸೊನ್ನೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ. ಆ ವಿವರ ಶಾಶ್ವತವಾಗಿ ಹೋಯಿತು. ಸಾಲುಸಾಲು ಸೊನ್ನೆಗಳನ್ನು “ಇಲ್ಲಿಂದ ಮುಂದೆ ಎಲ್ಲ ಸೊನ್ನೆ” ಎಂದು ಒಂದೇ ಗುರುತಿನಲ್ಲಿ ಬರೆದಿಡಬಹುದು. ಜೆಪೆಗಿನ ಉಳಿತಾಯದ ದೊಡ್ಡ ಪಾಲು ಇದು.

ಪಟ್ಟಿ ಮಾಡಿದವರು ಮನಸ್ಸಿಗೆ ಬಂದ ಅಂಕಿ ಹಾಕಲಿಲ್ಲ. ಅತಿ ಒತ್ತಾದ ಏರಿಳಿತವನ್ನು ಗುರುತಿಸುವುದರಲ್ಲಿ ಮನುಷ್ಯನ ಕಣ್ಣು ಮಂದ ಎಂಬುದರ ಮೇಲೆ ಇಡೀ ಜೂಜು ನಿಂತಿದೆ. ಸಾಮಾನ್ಯ ಚಿತ್ರಗಳಲ್ಲಿ ಜೂಜು ಗೆಲ್ಲುತ್ತದೆ. ಕೋಟೆಯ ಮೇಲಿನ ಆಕಾಶದ ಒಂದು ಚೌಕ ತೆಗೆದುಕೊಂಡರೆ 64ರಲ್ಲಿ ಎರಡು ಮೂರು ಅಂಕಿ ಬಿಟ್ಟು ಉಳಿದವೆಲ್ಲ ಮೊದಲೇ ಸೊನ್ನೆಯ ಹತ್ತಿರ. ಬಸದಿಯ ಗೋಡೆಯ ಚೌಕವೋ ಖಾನಾಪುರದ ಹೆಂಚಿನ ಮಾಡಿನ ಚೌಕವೋ ಆದರೆ ಮೊತ್ತ 64 ನಮೂನೆಗಳಿಗೂ ಹಂಚಿಹೋಗಿರುತ್ತದೆ. ಹಾಗಾಗಿ ಅದೇ ಪಟ್ಟಿ ಅಲ್ಲಿ ಆಕಾಶಕ್ಕಿಂತ ಎಷ್ಟೋ ಹೆಚ್ಚು ಕೊಯ್ಯುತ್ತದೆ. ಕೊಯ್ದದ್ದು ವಿಪರೀತವಾದರೆ ಪ್ರತಿ ಚೌಕದಲ್ಲೂ ಸಪಾಟು ನಮೂನೆಯೊಂದೇ ಉಳಿದು, ಪಕ್ಕದ ಚೌಕದೊಡನೆ ಅಂಚು ಕೂಡುವುದಿಲ್ಲ. ಅಕ್ಕನ ಫೋನಿನಲ್ಲಿ ಕಂಡ ಚೌಕಗಳು ಅವೇ.

ಬಣ್ಣದ ವಿಷಯದಲ್ಲಿ ಜೆಪೆಗ್ ಇನ್ನೂ ಧಾರಾಳಿ, ಅಂದರೆ ಬಿಸಾಡುವುದರಲ್ಲಿ. ಹೊಳಪನ್ನೂ ಬಣ್ಣವನ್ನೂ ಬೇರ್ಪಡಿಸಿ, ಸಾಮಾನ್ಯವಾಗಿ ನಾಲ್ಕು ಪಿಕ್ಸೆಲುಗಳಿಗೆ ಒಂದೇ ಬಣ್ಣ ಹಂಚಲಾಗುತ್ತದೆ. ಹೊಳಪಿನಷ್ಟು ಸೂಕ್ಷ್ಮವಾಗಿ ನಮ್ಮ ಕಣ್ಣು ಬಣ್ಣವನ್ನು ಅಳೆಯುವುದಿಲ್ಲವಾದ್ದರಿಂದ ಮುಖ, ಗಿಡ, ಗುಡ್ಡ ಎಲ್ಲ ಸುಸೂತ್ರ. ಕೈಕೊಡುವುದು ಅಕ್ಷರಗಳಲ್ಲಿ. ನವೆಂಬರ್ 1ರಂದು ಚನ್ನಮ್ಮ ವೃತ್ತದ ರಾಜ್ಯೋತ್ಸವ ಮೆರವಣಿಗೆಯ ಪೋಸ್ಟರುಗಳು ವಾಟ್ಸಾಪಿನಲ್ಲಿ ಓಡಾಡುತ್ತವಲ್ಲ, ಹಳದಿಯ ಮೇಲೆ ಕೆಂಪಕ್ಷರ. ಹಿಗ್ಗಿಸಿ ನೋಡಿ. ಒತ್ತಕ್ಷರ, ಕೊಂಬು, ದೀರ್ಘದ ಅಂಚುಗಳಲ್ಲಿ ಕೆಂಪೂ ಅಲ್ಲದ ಹಳದಿಯೂ ಅಲ್ಲದ ಒಂದು ಕಿತ್ತಳೆ ಕೊಳೆ, ಸುತ್ತ ಸಣ್ಣ ಗುಂಗಾಡಿನ ಗುಂಪಿನಂಥ ಚುಕ್ಕೆ. ಪೋಸ್ಟರನ್ನು ಜೆಪೆಗಿನಲ್ಲಿ ಕೊಡಲೇಬಾರದು, ಪಿಎನ್‌ಜಿ ಎಂಬ ನಷ್ಟವಿಲ್ಲದ ಬಗೆಯಲ್ಲೋ ಪಿಡಿಎಫಿನಲ್ಲೋ ಕೊಡಬೇಕು. ಹೇಳಿದರೆ ಯಾರು ಕೇಳುತ್ತಾರೆ.

ಮೂರನೆಯ ತೀರ್ಮಾನ ಕಳಿಸುವಾಗಿನದು. ವಾಟ್ಸಾಪು ಮಾಮೂಲಿಯಾಗಿ ಕಳಿಸಿದ ಫೋಟೊದ ಉದ್ದ ಬದಿಯನ್ನು ಸುಮಾರು 1600 ಪಿಕ್ಸೆಲಿಗೆ ಇಳಿಸಿ, ಇನ್ನೊಮ್ಮೆ ಬಿಗಿಯಾಗಿ ಜೆಪೆಗ್ ಮಾಡುತ್ತದೆ. 12 ಮೆಗಾಪಿಕ್ಸೆಲ್ ಎರಡರ ಒಳಗೆ ಬರುತ್ತದೆ. ಫೈಲು ಇನ್ನೂರು ಮುನ್ನೂರು ಕೆಬಿ. ಬೆಳಗಾವಿಯ ಫ್ಲೆಕ್ಸ್ ಅಂಗಡಿಗಳಲ್ಲಿ ದಿನಾ ನಡೆಯುವ ಜಗಳದ ಮೂಲ ಇದೇ. ಒಂದು ಅಂಗಡಿಯಲ್ಲಿ ಕೇಳಿಸಿಕೊಂಡದ್ದು:

“ಸರ್ರ, ಇದು ವಾಟ್ಸಾಪ್ ಫೋಟೊ ಐತ್ರಿ. ಹತ್ತ ಫೂಟಿಗೆ ಹಾಕಿದ್ರ ಒಡೀತೈತಿ. ಒರಿಜಿನಲ್ ಕಳಸ್ರಿ.”

“ಅದ ಒರಿಜಿನಲ್ ಐತಲ್ಲೋ ತಮ್ಮಾ, ನಾನ ತಗದದ್ದು.”

“ತಗದದ್ದ ನೀವ ಇರಬಹುದ್ರಿ. ನನ್ನ ಕಡೆ ಬಂದಿದ್ದು ನೂರಾ ಎಂಬತ್ತು ಕೆಬಿ. ಡಾಕ್ಯುಮೆಂಟ್ ಮಾಡಿ ಕಳಸ್ರಿ, ಆಮ್ಯಾಲ ನೋಡೂಣು.”

ಹುಡುಗನ ಲೆಕ್ಕ ಸರಿಯಾಗಿತ್ತು. ಹತ್ತು ಅಡಿ ಎಂದರೆ 120 ಇಂಚು. 1600 ಪಿಕ್ಸೆಲನ್ನು ಅಷ್ಟಕ್ಕೆ ಹರಡಿದರೆ ಇಂಚಿಗೆ 13 ಪಿಕ್ಸೆಲ್, ಒಂದೊಂದು ಪಿಕ್ಸೆಲು ಹತ್ತಿರಹತ್ತಿರ ಎರಡು ಮಿಲಿಮೀಟರ್. ಎಂಟೆಂಟರ ಚೌಕ ಒಂದೂವರೆ ಸೆಂಟಿಮೀಟರಾಗಿ ಸನ್ಮಾನಿತರ ಹಣೆಯ ಮೇಲೆ ಕೂರುತ್ತದೆ. ಪುಸ್ತಕದಲ್ಲಿ ಚೊಕ್ಕವಾಗಿ ಅಚ್ಚಾಗಲು ಇಂಚಿಗೆ 300 ಪಿಕ್ಸೆಲ್ ಕೇಳುತ್ತಾರೆ. ಆ ಅಳತೆಯಲ್ಲಿ ಇದೇ ಫೈಲು ಐದು ಇಂಚು ಅಗಲದ ಚಿತ್ರಕ್ಕೆ ಸಾಕು, ಅದಕ್ಕಿಂತ ಹೆಚ್ಚಿಗೆ ಇಲ್ಲ.

ಹತ್ತು ಜನರಿಗೆ ಫಾರ್ವರ್ಡ್ ಆಗಿ ಆಗಿ ಫೋಟೊ ಕೆಡುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ವಾಟ್ಸಾಪಿನೊಳಗೇ ಫಾರ್ವರ್ಡ್ ಒತ್ತಿದರೆ ಸಾಮಾನ್ಯವಾಗಿ ಅದೇ ಫೈಲು ಮುಂದಕ್ಕೆ ಹೋಗುತ್ತದೆ, ಹೊಸ ಪೆಟ್ಟು ಬೀಳುವುದಿಲ್ಲ. ಪೆಟ್ಟು ಬೀಳುವುದು ಸ್ಕ್ರೀನ್‌ಶಾಟ್ ತೆಗೆದು, ಅಂಚು ಕತ್ತರಿಸಿ, ಮೇಲೆ ಶುಭೋದಯ ಬರೆದು ಮತ್ತೆ ಹಾಕಿದಾಗ. ಕತ್ತರಿಸಿದಾಗ ಎಂಟೆಂಟರ ಚೌಕಗಳ ಗೆರೆ ಸರಿದು ಹೋಗುತ್ತದೆ. ಹಿಂದಿನ ಚೌಕಗಳ ಅಂಚು ಈಗ ಹೊಸ ಚೌಕದ ನಡುವೆ ಬಂದು, ಅದನ್ನೂ ಒಂದು ವಿವರವೆಂದು ತಿಳಿದು ಲೆಕ್ಕ ಮತ್ತೆ ಶುರುವಾಗುತ್ತದೆ. ನಾಲ್ಕೈದು ಸುತ್ತು ಕಳೆದರೆ ಚಿತ್ರಕ್ಕಿಂತ ಗಾಯವೇ ಜಾಸ್ತಿ.

ಇಷ್ಟೆಲ್ಲ ದೂರಿದ ಮೇಲೆ ಕುಗ್ಗಿಸುವವರ ಪರವಾಗಿಯೂ ಮಾತಾಡಬೇಕು. ಖಾನಾಪುರ ದಾಟಿ ಭೀಮಗಡದ ಕಾಡಿನ ಕಡೆ ಹೊರಟರೆ ಸಿಗ್ನಲ್ಲು ಒಂದೊಂದೇ ಕಡ್ಡಿಯಾಗಿ ಕಳಚಿಕೊಳ್ಳುತ್ತದೆ. ಸೆಕೆಂಡಿಗೆ 100 ಕಿಲೋಬಿಟ್ ವೇಗ ಸಿಕ್ಕಿತು ಎನ್ನಿ. ನಾಲ್ಕು ಎಂಬಿಯ ಫೋಟೊ ಹೋಗಲು ಐದು ನಿಮಿಷದ ಮೇಲೆ ಬೇಕು, ಅಷ್ಟರಲ್ಲಿ ಇದ್ದ ಕಡ್ಡಿಯೂ ಹೋಗಿರುತ್ತದೆ. ಇನ್ನೂರು ಕೆಬಿಯ ಫೋಟೊ ಹದಿನಾರು ಸೆಕೆಂಡಿನಲ್ಲಿ ಮುಟ್ಟುತ್ತದೆ. ಮಳೆಗೆ ಕುಸಿದ ಗೋಡೆಯ ಚಿತ್ರ ಪಂಚಾಯಿತಿಗೆ, ಎಲೆಗೆ ಬಿದ್ದ ರೋಗದ ಚಿತ್ರ ಕೃಷಿ ಅಧಿಕಾರಿಗೆ ಕಳಿಸಬೇಕಾದವನಿಗೆ ಆ ಹದಿನಾರು ಸೆಕೆಂಡು ಮುಖ್ಯ, ಹೆಂಚಿನ ಮೇಲಿನ ಹಾವಸೆಯಲ್ಲ. ಕುಗ್ಗಿಸದ ಚಿತ್ರವೆಂದರೆ ಅಲ್ಲಿ ತಲುಪದ ಚಿತ್ರ. ನನ್ನ ತಕರಾರು ಕುಗ್ಗಿಸಿದ್ದರ ಮೇಲೆ ಅಲ್ಲ, ಕೇಳದೆ ಕುಗ್ಗಿಸುವುದರ ಮೇಲೆ. 2023ರ ಆಗಸ್ಟಿನಲ್ಲಿ ಎಚ್‌ಡಿ ಗುಂಡಿ ಬಂದ ಮೇಲೆ ವಾಟ್ಸಾಪು ಅಷ್ಟಾದರೂ ಕೇಳತೊಡಗಿದೆ, ಆದರೂ ಅದು ಮೂಲದ ಪೂರ್ತಿ ಪ್ರತಿಯಲ್ಲ. ಮೂಲ ಬೇಕೆಂದರೆ ಫ್ಲೆಕ್ಸ್ ಹುಡುಗ ಹೇಳಿದ್ದೇ ದಾರಿ: ಡಾಕ್ಯುಮೆಂಟ್ ಎಂದು ಲಗತ್ತಿಸುವುದು. ಐಫೋನಿನವರಿಗೆ ಇನ್ನೊಂದು ತೊಡಕಿದೆ. 2017ರಿಂದ ಅವು ಹೈಕ್ ಎಂಬ ಹೊಸ ಬಗೆಯಲ್ಲಿ ಉಳಿಸುತ್ತವೆ. ಚೌಕ 32 × 32ರವರೆಗೂ ಹಿಗ್ಗಬಲ್ಲದು, ಒಳಗಿನ ಗಣಿತ ಮಾತ್ರ ಮತ್ತೆ ಅಹ್ಮದರ ಕೊಸೈನ್. ಜೆಪೆಗಿನ ಸುಮಾರು ಅರ್ಧ ಗಾತ್ರದಲ್ಲಿ ಅಷ್ಟೇ ಚೆನ್ನಾಗಿ ಇರುತ್ತದೆ. ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ತೆರೆಯುವುದೇ ಇಲ್ಲ.

ಇದೆಲ್ಲ ನಿಜಕ್ಕೂ ಕುತ್ತಾಗುವುದು ಶಾಸನ ಓದುವವರಿಗೆ. ಈ ಬಸದಿಯ ಕಾಲದ, ಕಾರ್ತವೀರ್ಯನ ಆಳ್ವಿಕೆಯ ಎರಡು ಬೆಳಗಾವಿ ಶಾಸನಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಇಲ್ಲಿಯವರಿಗೆ ಅವುಗಳ ಚಿತ್ರವೇ ಶಾಸನ. ಖಾನಾಪುರ ತಾಲೂಕಿನ ಹಲಸಿಯಲ್ಲಿ, ಕದಂಬರ ಕಾಲದ ಭೂವರಾಹ ನರಸಿಂಹ ದೇವಾಲಯದ ಊರಿನಲ್ಲಿ, ಮಳೆಗೆ ನೆನೆದು ಪಾಚಿ ಹತ್ತಿದ ಕಲ್ಲಿನ ಮುಂದೆ ನಿಂತವನಿಗೂ ಇದೇ ಪಾಡು. ಸವೆದ ಅಕ್ಷರವೊಂದು ದೀರ್ಘವೋ ಹ್ರಸ್ವವೋ ಎನ್ನುವುದು ಹತ್ತಿಪ್ಪತ್ತು ಪಿಕ್ಸೆಲುಗಳ ಮಂಕು ನೆರಳಿನ ಮೇಲೆ ನಿಂತಿರುತ್ತದೆ. ನಾಯ್ಸ್ ಒರೆಸುವಾಗ, 99ರಿಂದ ಭಾಗಿಸುವಾಗ ಮೊದಲು ಹೋಗುವುದು ಆ ನೆರಳೇ. ಲೆನ್ಸನ್ನು ಪಂಚೆಯ ಅಂಚಿನಿಂದಾದರೂ ಒರೆಸಿ, ಜೂಮ್ ಮಾಡದೆ ಹತ್ತಿರ ಹೋಗಿ, ಮೊಣಕೈಯನ್ನು ಕಂಬಕ್ಕೆ ಊರಿ ತೆಗೆದರೆ ಅರ್ಧ ಕೆಲಸ ಆಯಿತು. ಉಳಿದರ್ಧ ಬೆಳಕು. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಅಕ್ಷರದ ತಗ್ಗೂ ಕಲ್ಲಿನ ಮೈಯೂ ಒಂದೇ ಬಿಳುಪು. ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಓರೆಯಾಗಿ ಬೀಳುವ ಬಿಸಿಲಿಗೆ, ಇಲ್ಲದಿದ್ದರೆ ಜೊತೆಗಾರನ ಫೋನಿನ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಅಡ್ಡ ಹಿಡಿದಾಗ, ಪ್ರತಿ ತಗ್ಗಿಗೂ ದಪ್ಪ ನೆರಳು ಬರುತ್ತದೆ. ಸಣ್ಣ ನಮೂನೆಯಲ್ಲಿ ಅಡಗಿದ್ದ ವಿವರ ದೊಡ್ಡ ನಮೂನೆಗೆ ಏರುತ್ತದೆ. 99ರ ಕೈಯಿಂದ ತಪ್ಪಿಸಿಕೊಂಡು 11ರ ಕೈಗೆ ಸಿಗುತ್ತದೆ.

ಈಚೆಗೆ ಇನ್ನೊಂದು ಅನುಕೂಲ ಬಂದಿದೆ. ಮಂಕು ಫೋಟೊ ಕೊಟ್ಟರೆ ಕೃತಕ ಬುದ್ಧಿಮತ್ತೆಯ ಆ್ಯಪುಗಳು ಕ್ಷಣದಲ್ಲಿ ಚೂಪು ಮಾಡಿ ಕೊಡುತ್ತವೆ. ಅಜ್ಜಿಯ ಹಳೆಯ ಮದುವೆ ಫೋಟೊಗೆ ಬೇಕಾದರೆ ಬಳಸಿ, ರೆಪ್ಪೆಯ ಕೂದಲು ಒಂದು ಹೆಚ್ಚಾದರೆ ಅಜ್ಜಿ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಸೊನ್ನೆಯಾದ ಅಂಕಿ ಸೊನ್ನೆಯೇ. ಆ್ಯಪು ಅದನ್ನು ಹುಡುಕಿ ತರುವುದಿಲ್ಲ, ತಾನು ಕಲಿತ ಲಕ್ಷಾಂತರ ಚಿತ್ರಗಳ ರೂಢಿಯಿಂದ ಹೊಸದೊಂದನ್ನು ಬರೆಯುತ್ತದೆ. ಹನ್ನೆರಡು-ಹದಿಮೂರನೇ ಶತಮಾನದ ಕನ್ನಡ ಅಕ್ಷರಗಳನ್ನು ಅದು ಎಷ್ಟು ನೋಡಿರುತ್ತದೆ? ಚಂದದ, ಚೊಕ್ಕದ, ಯಾರೂ ಕೆತ್ತದ ಒಂದು ಗೆರೆಯನ್ನು ಅದು ಧೈರ್ಯವಾಗಿ ಎಳೆದುಬಿಡಬಲ್ಲದು. ಹಲಸಿಯ ಕಲ್ಲಿನದಾದರೆ ಟಾರ್ಚು ಹಿಡಿಯಲು ಒಬ್ಬರನ್ನು ಕರೆದುಕೊಂಡು ಇನ್ನೊಮ್ಮೆ ಬಸ್ಸು ಹತ್ತುವುದೇ ವಾಸಿ.